ಚೆಂಡು ಬರುವ ಮೊದಲಿನ ಎರಡು ಸೆಕೆಂಡು: ಶಾಬಿ ಅಲೊನ್ಸೊ ಆಟದ ಬಗ್ಗೆ

ಎಲ್ಲರಿಗೂ ನಮಸ್ಕಾರ.

ಫುಟ್‌ಬಾಲ್‌ನ ಒಂದು ಟ್ಯಾಕಲ್‌ನಿಂದ, ಅಂದರೆ ಎದುರಾಳಿಯ ಕಾಲಿನಿಂದ ಚೆಂಡು ಕಸಿಯುವ ಯತ್ನದಿಂದ, ಮಾತು ಶುರು ಮಾಡುತ್ತೇನೆ. 2014ರ ಏಪ್ರಿಲ್ 29, ಮ್ಯೂನಿಕ್ ನಗರ, ಯುರೋಪಿನ ಕ್ಲಬ್‌ಗಳ ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ನ ಎರಡನೇ ಪಂದ್ಯ. ರಿಯಲ್ ಮ್ಯಾಡ್ರಿಡ್ ಆಗಲೇ ಮೂರು ಗೋಲು ಹೊಡೆದಿದೆ; ಮೊದಲ ಪಂದ್ಯದ ಒಂದು ಗೋಲು ಸೇರಿಸಿದರೆ 4-0. ಬಯರ್ನ್ ತಂಡಕ್ಕೆ ಇನ್ನು ದಾರಿಯೇ ಇಲ್ಲ ಎನ್ನುವ ಸ್ಥಿತಿ. ಆಗ, 38ನೇ ನಿಮಿಷದಲ್ಲಿ, ಮ್ಯಾಡ್ರಿಡ್‌ನ ಶಾಬಿ ಅಲೊನ್ಸೊ ಹುಲ್ಲಿನ ಮೇಲೆ ಜಾರುತ್ತಾ ಹೋಗಿ ಬಯರ್ನ್‌ನ ಶ್ವೈನ್‌ಸ್ಟೈಗರ್ ಅವರನ್ನು ಕೆಡವಿದರು. ರೆಫರಿ ಹಳದಿ ಕಾರ್ಡ್ ತೋರಿಸಿದರು. ಹಿಂದಿನ ಕಾರ್ಡ್‌ಗಳ ಜೊತೆ ಅದು ಸೇರಿದ್ದರಿಂದ ಫೈನಲ್ ಆಡುವ ಅವಕಾಶ ಹೋಯಿತು. ಅಲೊನ್ಸೊ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು.

ಇದನ್ನೇ ಮೊದಲು ಹೇಳಲು ಕಾರಣವಿದೆ. ಟ್ಯಾಕಲ್ ಎನ್ನುವುದು ಬೆಳೆಸಿಕೊಳ್ಳಬೇಕಾದ ಗುಣವಲ್ಲ, ಬೇರೆ ದಾರಿ ಇಲ್ಲದಾಗ ಮಾಡುವ ಕೆಲಸ ಎಂದು ಇದೇ ಅಲೊನ್ಸೊ ಅದಕ್ಕೆ ಮೂರು ವರ್ಷ ಮೊದಲು ಬ್ರಿಟಿಷ್ ಪತ್ರಿಕೆಯೊಂದಕ್ಕೆ ಹೇಳಿದ್ದರು. ಇಂಗ್ಲೆಂಡಿನಲ್ಲಿ ಹುಡುಗರು ತಮ್ಮ ಬಲ ಯಾವುದು ಎಂದು ಕೇಳಿದರೆ ಟ್ಯಾಕಲ್ ಎನ್ನುತ್ತಿದ್ದುದು ಅವರಿಗೆ ಅರ್ಥವೇ ಆಗಿರಲಿಲ್ಲ. ಜಾರಿ ಬೀಳಬೇಕಾಗಿ ಬಂತು ಎಂದರೆ ಅದಕ್ಕೂ ಮೊದಲೇ ಎಲ್ಲೋ ನಿಲ್ಲುವುದು ತಪ್ಪಿದೆ, ನೋಡುವುದು ತಪ್ಪಿದೆ ಎಂದು ಅರ್ಥ. ಅಲೊನ್ಸೊ ಅವರ ಹದಿನೇಳು ವರ್ಷಗಳ ಆಟವನ್ನು ಈ ಒಂದು ಎಳೆಯಿಂದ ಬಿಡಿಸಿ ನೋಡಬಹುದು ಎನ್ನುವುದು ನನ್ನ ವಾದ. ಅವರು ಮಿಡ್‌ಫೀಲ್ಡರ್, ಅಂದರೆ ಮೈದಾನದ ಮಧ್ಯಭಾಗದಲ್ಲಿ ಆಡುವವರು. ಮಿಡ್‌ಫೀಲ್ಡರ್ ಮಾಡುವ ಕೆಲಸದ ಬಹುಪಾಲು ಚೆಂಡು ಕಾಲಿಗೆ ಬರುವ ಮೊದಲೇ ಮುಗಿದಿರುತ್ತದೆ.

ಮೊದಲು ಹೆಸರು. ನಮ್ಮ ಪತ್ರಿಕೆಗಳಲ್ಲಿ ಕ್ಸಾಬಿ ಎಂದು ಬರೆಯುವುದುಂಟು. ಉತ್ತರ ಸ್ಪೇನ್‌ನ ಬಾಸ್ಕ್ ಭಾಷೆಯಲ್ಲಿ Xabi ಎಂಬುದರ ಮೊದಲ ಅಕ್ಷರ x-ಗೆ 'ಶ' ಎಂಬ ಉಚ್ಚಾರಣೆ. ಶಾಬಿಯೆರ್ ಎನ್ನುವುದು ಪೂರ್ತಿ ಹೆಸರು, ಶಾಬಿ ಅದರ ಮೊಟಕು. ಬಾರ್ಸಿಲೋನಾ ತಂಡದ ಚಾವಿ ಬೇರೆ, ಅವರು ಕೆಟಲಾನ್. ಇಬ್ಬರೂ ಸ್ಪೇನ್ ತಂಡದ ಮಧ್ಯದಲ್ಲಿ ಒಟ್ಟಿಗೆ ಆಡಿದ್ದರಿಂದ ಗೊಂದಲ ಸಹಜ.

ಅಲೊನ್ಸೊ ಹುಟ್ಟಿದ್ದು 1981ರ ನವೆಂಬರ್ 25ರಂದು, ಗಿಪುಸ್ಕೋವಾ ಪ್ರಾಂತ್ಯದ ತೊಲೋಸಾ ಎಂಬ ಊರಿನಲ್ಲಿ. ಅದು ಫ್ರಾನ್ಸ್ ಗಡಿಗೆ ತಾಗಿದ, ಏಳು ಲಕ್ಷ ಚಿಲ್ಲರೆ ಜನರಿರುವ, ಗುಡ್ಡ ಮತ್ತು ಕಡಲಿನ ನಡುವಿನ ಪುಟ್ಟ ಪ್ರಾಂತ್ಯ. ಅಲ್ಲಿಯ ತುಂತುರು ಮಳೆಗೆ ಬಾಸ್ಕರು ಸಿರಿಮಿರಿ ಎನ್ನುತ್ತಾರೆ. ಮಲೆನಾಡಿನವರಿಗೆ ಸೋನೆಮಳೆ ಎಂದರೆ ತಕ್ಷಣ ಗೊತ್ತಾಗುತ್ತದೆ. ತಂದೆ ಪೆರಿಕೊ ಅಲೊನ್ಸೊ ಅದೇ ಪ್ರಾಂತ್ಯದ ರಿಯಲ್ ಸೊಸಿಯೆದಾದ್ ಕ್ಲಬ್‌ನ ಮಿಡ್‌ಫೀಲ್ಡರ್. 1981 ಮತ್ತು 1982ರಲ್ಲಿ ಆ ಕ್ಲಬ್ ಸತತ ಎರಡು ಬಾರಿ ಸ್ಪೇನ್‌ನ ಲೀಗ್ ಗೆದ್ದಾಗ ಅವರು ತಂಡದಲ್ಲಿದ್ದರು. ಆಗ ಅಲ್ಲಿ ಬಾಸ್ಕ್ ಆಟಗಾರರಿಗೆ ಮಾತ್ರ ಜಾಗ. 1989ರಲ್ಲಿ ಐರ್ಲೆಂಡ್ ತಂಡದ ಜಾನ್ ಆಲ್ಡ್ರಿಡ್ಜ್ ಅವರನ್ನು ಕರೆತಂದಾಗ ಆ ನಿಯಮ ಸಡಿಲವಾಯಿತು. ಪೆರಿಕೊ ಆಮೇಲೆ ಬಾರ್ಸಿಲೋನಾ ಸೇರಿದರು. ಶಾಬಿಯ ಮೊದಲ ಆರು ವರ್ಷ ಆ ನಗರದಲ್ಲೇ ಕಳೆದು, ನಂತರ ಕುಟುಂಬ ಸಾನ್ ಸೆಬಾಸ್ಟಿಯನ್‌ಗೆ ಬಂತು.

ಸಾನ್ ಸೆಬಾಸ್ಟಿಯನ್‌ನ ಕೊಂಚಾ ಕಡಲತೀರದಲ್ಲಿ ಮಕ್ಕಳ ಫುಟ್‌ಬಾಲ್ ನಡೆಯುವುದು ಉಬ್ಬರ ಇಳಿತದ ಲೆಕ್ಕದಲ್ಲಿ. ನೀರು ಹಿಂದೆ ಸರಿದಾಗ ಮರಳಿನ ಮೇಲೆ ಗೆರೆ ಎಳೆದು ಮೈದಾನ ಮಾಡುತ್ತಾರೆ. ಒದ್ದೆ ಮರಳಿನಲ್ಲಿ ಚೆಂಡು ಹುಲ್ಲಿನ ಮೇಲೆ ಉರುಳಿದಂತೆ ಉರುಳುವುದಿಲ್ಲ. ಅರೆಮನಸ್ಸಿನಿಂದ ತಳ್ಳಿದ ಪಾಸ್ ನಾಲ್ಕು ಹೆಜ್ಜೆಗೇ ಸತ್ತುಹೋಗುತ್ತದೆ. ಚೆಂಡಿನ ಕೆಳಭಾಗಕ್ಕೆ ಸರಿಯಾಗಿ ಒದ್ದು ಎತ್ತಿ ಕಳಿಸಿದರೆ ಮಾತ್ರ ಆಚೆಯವನಿಗೆ ತಲುಪುತ್ತದೆ. ಅಲ್ಲಿ ಶಾಬಿ ಜೊತೆ ಆಡುತ್ತಿದ್ದ ಗೆಳೆಯ ಮಿಕೆಲ್ ಅರ್ತೇತಾ, ಇಂದಿನ ಆರ್ಸೆನಲ್ ಕೋಚ್. ಇಬ್ಬರೂ ಆಂತಿಗ್ವೊಕೊ ಎಂಬ ಬಡಾವಣೆಯ ಕ್ಲಬ್‌ನ ಹುಡುಗರು. ಮುಂದೆ ವೃತ್ತಿ ಆಟಗಾರರಾದ ಅಂದೊನಿ ಇರಾವೊಲಾ, ಅರಿತ್ಸ್ ಅದುರಿಸ್ ಕೂಡ ಅದೇ ಕ್ಲಬ್‌ನಿಂದ ಬಂದರು. ಒಂದು ಬಡಾವಣೆಯ ಕ್ಲಬ್‌ಗೆ ಇದು ಅಸಾಧಾರಣ ಬೆಳೆ.

ಈಗ ಕೆಲಸದ ವಿಷಯಕ್ಕೆ ಬರೋಣ. ಅಲೊನ್ಸೊ ನಿಲ್ಲುತ್ತಿದ್ದ ಜಾಗ ಡಿಫೆಂಡರ್‌ಗಳ ಮುಂದೆ, ಮಿಡ್‌ಫೀಲ್ಡ್‌ನ ಹಿಂಬದಿಯಲ್ಲಿ. ಸ್ಪೇನ್‌ನಲ್ಲಿ ಈ ಜಾಗಕ್ಕೆ ಪಿವೋಟೆ ಎನ್ನುತ್ತಾರೆ: ಬಾಗಿಲು ತಿರುಗುವ ತಿರುಗಣಿ. ಇಲ್ಲಿ ನಿಂತವನ ಸುತ್ತ 360 ಡಿಗ್ರಿಯೂ ಎದುರಾಳಿಗಳು. ಮೈದಾನದ ಅಂಚಿನಲ್ಲಿ ಆಡುವ ವಿಂಗರ್‌ಗೆ ಬೆನ್ನ ಹಿಂದೆ ಗೆರೆ ಇರುತ್ತದೆ, ಅಲ್ಲಿಂದ ಯಾರೂ ಬರುವುದಿಲ್ಲ. ಪಿವೋಟೆಗೆ ಆ ಸೌಲಭ್ಯವಿಲ್ಲ. ಆದ್ದರಿಂದ ಚೆಂಡು ಅವನ ಕಡೆ ಉರುಳಿಬರುವಾಗ ಚೆಂಡನ್ನೇ ನೋಡುತ್ತಾ ನಿಂತರೆ ಕೆಟ್ಟ.

ಅಲೊನ್ಸೊ ಆಡಿದ ಯಾವುದಾದರೂ ಹಳೆಯ ಪಂದ್ಯ ಸಿಕ್ಕರೆ ಹೀಗೆ ನೋಡಿ. ಚೆಂಡು ಇನ್ನೂ ಸೆಂಟರ್‌ಬ್ಯಾಕ್, ಅಂದರೆ ಹಿಂದಿನ ಸಾಲಿನ ಮಧ್ಯದ ಡಿಫೆಂಡರ್, ಕಾಲಿನಲ್ಲಿರುವಾಗಲೇ ಅವರ ತಲೆ ಒಮ್ಮೆ ಎಡಭುಜದ ಮೇಲಿಂದ, ಒಮ್ಮೆ ಬಲಭುಜದ ಮೇಲಿಂದ ಹೊರಳುತ್ತದೆ. ಪಾಸ್ ಹೊರಟ ಮೇಲೆ ಇನ್ನೊಂದು ಕ್ಷಣದ ನೋಟ. 15 ಮೀಟರ್ ದೂರದ ಪಾಸ್ ತಲುಪಲು ಹೆಚ್ಚುಕಡಿಮೆ ಒಂದು ಸೆಕೆಂಡು ಬೇಕು, ಅಷ್ಟರಲ್ಲಿ ಆ ನೋಟ ಮುಗಿಯಬೇಕು. ಯಾರು ಎಷ್ಟು ದೂರದಲ್ಲಿದ್ದಾರೆ, ಯಾರು ತನ್ನ ಮೇಲೆ ಓಡಿಬರುತ್ತಿದ್ದಾರೆ, ಆಚೆ ಬದಿಯ ವಿಂಗರ್ ಗೆರೆಗೆ ಅಂಟಿಕೊಂಡಿದ್ದಾನೋ ಒಳಗೆ ಬಂದಿದ್ದಾನೋ, ಇಷ್ಟೂ ಆಗಲೇ ತಲೆಯಲ್ಲಿರುತ್ತದೆ.

ಎರಡನೆಯದು ಮೈ ನಿಲ್ಲಿಸುವ ಕೋನ. ಪಾಸ್ ಕೊಡುವವನಿಗೆ ಎದೆ ಕೊಟ್ಟು ನಿಂತರೆ ಮೈದಾನದ ಅರ್ಧ ಬೆನ್ನ ಹಿಂದೆ ಬೀಳುತ್ತದೆ. ಪಕ್ಕಕ್ಕೆ ತಿರುಗಿ, ಒಂದು ಭುಜ ಪಾಸ್ ಕೊಡುವವನ ಕಡೆಗೂ ಇನ್ನೊಂದು ಎದುರಾಳಿ ಗೋಲಿನ ಕಡೆಗೂ ಇರುವಂತೆ ನಿಂತರೆ ಎರಡೂ ಕಾಣುತ್ತದೆ. ಆಗ ಚೆಂಡನ್ನು ತೆಗೆದುಕೊಳ್ಳುವುದು ದೂರದ ಕಾಲಿನಿಂದ. ಎಡಗಡೆಯಿಂದ ಚೆಂಡು ಬರುತ್ತಿದ್ದರೆ ಅದನ್ನು ಎಡಗಾಲಿನ ಮುಂದೆ ಹಾಯಿಸಿಬಿಟ್ಟು ಬಲಗಾಲಿನ ಒಳಭಾಗದಲ್ಲಿ ಮುಟ್ಟುವುದು. ಆ ಒಂದೇ ಸ್ಪರ್ಶದಲ್ಲಿ ಚೆಂಡು ಮುಂದಿನ ಒದೆತಕ್ಕೆ ಬೇಕಾದ ಜಾಗದಲ್ಲಿ, ಒಂದು ಹೆಜ್ಜೆ ಮುಂದೆ, ತುಸು ಹೊರಗೆ ಬಂದು ಕೂರುತ್ತದೆ. ಹತ್ತಿರದ ಕಾಲಿನಿಂದ ನಿಲ್ಲಿಸಿದರೆ ಮತ್ತೆ ತಿರುಗಲು ಎರಡು ಸ್ಪರ್ಶ ಬೇಕು, ಎದುರಾಳಿ ಬಂದು ಮೈಮೇಲೆ ಬೀಳಲು ಅಷ್ಟು ಸಾಕು.

ಇನ್ನು ಎಲ್ಲರೂ ನೆನಪಿಟ್ಟುಕೊಂಡಿರುವ ಅವರ ಉದ್ದದ ಓರೆ ಪಾಸ್. ಮೈದಾನದ ಅಗಲ ಸಾಮಾನ್ಯವಾಗಿ 68 ಮೀಟರ್. ಎದುರಾಳಿ ತಂಡ ಚೆಂಡಿರುವ ಬದಿಗೆ ಒತ್ತಿಕೊಂಡು ಬಂದಾಗ ಆಚೆ ಬದಿಯಲ್ಲಿ ಒಬ್ಬನೇ ಡಿಫೆಂಡರ್ ಉಳಿಯುತ್ತಾನೆ. ಅಲ್ಲಿಗೆ ನೆಲದ ಮೇಲೆ ಮೂರು ನಾಲ್ಕು ಪಾಸ್‌ಗಳಲ್ಲಿ ಚೆಂಡು ಸಾಗಿಸುವಷ್ಟರಲ್ಲಿ ಅವರೂ ಸರಿದುಬರುತ್ತಾರೆ. 45 ಮೀಟರ್‌ನ ಒಂದೇ ಪಾಸ್ ಗಾಳಿಯಲ್ಲಿ ಎರಡು, ಎರಡೂವರೆ ಸೆಕೆಂಡಿನಲ್ಲಿ ತಲುಪುತ್ತದೆ. ಅಷ್ಟು ಹೊತ್ತಿನಲ್ಲಿ ಎಂಥ ಓಟಗಾರನೂ ಹದಿನೈದು ಮೀಟರ್ ಸುಮಾರಿಗೆ ಓಡಬಲ್ಲ, ಅದಕ್ಕಿಂತ ಹೆಚ್ಚು ಜಾಗ ಆಚೆ ಇದ್ದರೆ ವಿಂಗರ್‌ಗೆ ಬಿಡುವು ಸಿಕ್ಕಿತೆಂದೇ ಲೆಕ್ಕ. ಪಾಸ್ ಎತ್ತರವಾಗಿ ಹೋದರೆ ಈ ಲೆಕ್ಕ ಮುರಿಯುತ್ತದೆ, ಏಕೆಂದರೆ ಚೆಂಡು ಮೇಲೆ ತೇಲುತ್ತಾ ಮೂರೂವರೆ ಸೆಕೆಂಡು ತಿನ್ನುತ್ತದೆ. ಅಲೊನ್ಸೊ ಪಾಸ್‌ಗಳು ತಗ್ಗಾಗಿ, ಬಿರುಸಾಗಿ ಹೋಗಿ ಕೊನೆಯಲ್ಲಿ ಹಿಮ್ಮುಖ ಸುತ್ತಿನಿಂದ ಮೆತ್ತಗೆ ಇಳಿಯುತ್ತಿದ್ದುದು ಇದಕ್ಕೇ.

ಇದನ್ನು ಕಲಿಯಬೇಕೆಂಬ ಹುಡುಗ ಹುಡುಗಿಯರು ಇಲ್ಲಿದ್ದರೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಚೆಂಡಿನ ಕಡೆ ನೇರವಾಗಿ ಓಡಬೇಡಿ, 30ರಿಂದ 45 ಡಿಗ್ರಿ ಓರೆಯಲ್ಲಿ ಬನ್ನಿ. ಊರುವ ಕಾಲು ಚೆಂಡಿನಿಂದ ಒಂದು ಗೇಣಿಗಿಂತ ತುಸು ಹೆಚ್ಚು ಪಕ್ಕಕ್ಕೆ, ಕೂದಲೆಳೆಯಷ್ಟು ಹಿಂದಕ್ಕೆ ಇರಲಿ. ಒದೆಯುವ ಪಾದದ ಬೆರಳು ಕೆಳಗೆ ಮತ್ತು ಹೊರಗೆ ಚಾಚಿ, ಹರಡು ಬಿಗಿಯಾಗಿರಲಿ. ಹೆಬ್ಬೆರಳಿನ ಬುಡದ ಮೂಳೆಯಿಂದ ಲೇಸ್ ಕಟ್ಟುವ ಜಾಗದವರೆಗಿನ ಒಳ ಏಣು ಚೆಂಡಿನ ಮಧ್ಯಕ್ಕಿಂತ ಕೆಳಗೆ ತಾಗಬೇಕು. ತಾಗಿದ ಮೇಲೆ ಕಾಲನ್ನು ಪೂರ್ತಿ ಮೇಲಕ್ಕೆ ಬೀಸಬಾರದು, ಅರ್ಧಕ್ಕೇ ತಡೆಯಬೇಕು. ಹಿಮ್ಮುಖ ಸುತ್ತು ಹುಟ್ಟುವುದು ಆ ತಡೆಯಿಂದ.

ತಪ್ಪು ಎಲ್ಲೆಲ್ಲಿ ಆಗುತ್ತದೆ? ಊರುವ ಕಾಲು ತೀರಾ ಹಿಂದಿದ್ದರೆ ಮೈ ಹಿಂದಕ್ಕೆ ವಾಲಿ ಚೆಂಡು ಆಕಾಶ ನೋಡುತ್ತದೆ. ತೀರಾ ಹತ್ತಿರವಿದ್ದರೆ ಸೊಂಟ ತಿರುಗಲು ಜಾಗವಿಲ್ಲದೆ ಚೆಂಡು ಒಳಕ್ಕೆ ಎಳೆದುಕೊಳ್ಳುತ್ತದೆ. ಹರಡು ಸಡಿಲವಿದ್ದರೆ 400 ಗ್ರಾಂ ದಾಟಿದ ತೂಕದ ಚೆಂಡು ಪಾದವನ್ನೇ ಹಿಂದಕ್ಕೆ ತಳ್ಳಿ ಒದೆತದ ಬಲ ನುಂಗಿಬಿಡುತ್ತದೆ. ಆದರೆ ಹೊಸಬರಲ್ಲಿ ಹೆಚ್ಚು ಕಾಣುವ ತಪ್ಪು ಇದ್ಯಾವುದೂ ಅಲ್ಲ. ಚೆಂಡು ಕಾಲಿನಡಿ ಸಿಕ್ಕಿಕೊಂಡಿರುವಾಗಲೇ ಒದೆಯಲು ಹೋಗುತ್ತಾರೆ. ಮೊದಲ ಸ್ಪರ್ಶ ಸರಿ ಹೋಗಿರುವುದಿಲ್ಲ, ಅದಕ್ಕೆ ಕಾರಣ ಮೈಯ ಕೋನ, ಅದಕ್ಕೂ ಕಾರಣ ಮೊದಲೇ ಕತ್ತು ತಿರುಗಿಸಿ ನೋಡದಿರುವುದು. ಒದೆತ ತಿದ್ದಲು ಹೊರಟ ಕೋಚ್ ಆಟಗಾರನ ನೋಟದಿಂದಲೇ ತಿದ್ದಲು ಶುರು ಮಾಡಬೇಕಾಗುತ್ತದೆ.

ವೃತ್ತಿಯ ಹಾದಿಗೆ ಬರುತ್ತೇನೆ. ಅಲೊನ್ಸೊ ರಿಯಲ್ ಸೊಸಿಯೆದಾದ್ ಹಿರಿಯರ ತಂಡದಲ್ಲಿ ಮೊದಲು ಆಡಿದ್ದು 1999ರ ಡಿಸೆಂಬರ್‌ನಲ್ಲಿ. ಮರುವರ್ಷ ಎರಡನೇ ದರ್ಜೆಯ ಐಬರ್ ತಂಡಕ್ಕೆ ಎರವಲು ಹೋದರು. ಕಣಿವೆಯಲ್ಲಿ ಸಿಕ್ಕಿಕೊಂಡಂತಿರುವ ಪುಟ್ಟ ಕೈಗಾರಿಕಾ ಊರು, ಇಕ್ಕಟ್ಟಾದ ಇಪುರುವಾ ಮೈದಾನ. 2001ರ ಜನವರಿಯಲ್ಲಿ ಜಾನ್ ಟೋಶಾಕ್ ಸೊಸಿಯೆದಾದ್ ಕೋಚ್ ಆಗಿ ಮರಳಿದಾಗ ತಂಡ ಕೆಳದರ್ಜೆಗೆ ಜಾರುವ ಅಂಚಿನಲ್ಲಿತ್ತು. ಟೋಶಾಕ್ ಅಲೊನ್ಸೊ ಅವರನ್ನು ಐಬರ್‌ನಿಂದ ವಾಪಸ್ ಕರೆಸಿದ್ದಷ್ಟೇ ಅಲ್ಲ, 19ರ ಹುಡುಗನ ತೋಳಿಗೆ ನಾಯಕನ ಪಟ್ಟಿಯನ್ನೂ ಕಟ್ಟಿದರು. ತಂಡ ಮೊದಲ ದರ್ಜೆಯಲ್ಲಿ ಉಳಿಯಿತು.

ಆಮೇಲೆ 2002-03. ಫ್ರಾನ್ಸ್‌ನ ರೇನಾಲ್ ದೆನುಯೆ ಕೋಚ್. ಮುಂದೆ ಸರ್ಬಿಯಾದ ಕೊವಾಚೆವಿಚ್, ಟರ್ಕಿಯ ನಿಹಾತ್. ಬಲಕ್ಕೆ ಕಾರ್ಪಿನ್, ಎಡಕ್ಕೆ ದೆ ಪೆದ್ರೊ. ಮಧ್ಯದಲ್ಲಿ ಅರಾಂಬುರು ಜೊತೆ ಅಲೊನ್ಸೊ. ಮೈದಾನದ ಮಧ್ಯದಿಂದ ಹೊರಟ ಚೆಂಡು ಬದಿಗೆ ಹೋಗಿ, ಅಲ್ಲಿಂದ ಕ್ರಾಸ್ ಆಗಿ, ಅಂದರೆ ಗೋಲಿನ ಮುಂದಕ್ಕೆ ಎತ್ತಿ ಕಳಿಸಿದ ಪಾಸ್ ಆಗಿ, ಕೊವಾಚೆವಿಚ್ ತಲೆಗೆ. ಇಲ್ಲವೇ ಡಿಫೆಂಡರ್‌ಗಳ ಬೆನ್ನ ಹಿಂದೆ ನಿಹಾತ್ ಓಟಕ್ಕೆ. ಏಪ್ರಿಲ್‌ನಲ್ಲಿ ಅನೊಯೆತಾ ಮೈದಾನದಲ್ಲಿ ರಿಯಲ್ ಮ್ಯಾಡ್ರಿಡ್ ವಿರುದ್ಧ 4-2ರ ಗೆಲುವು, ಅದರಲ್ಲಿ ಅಲೊನ್ಸೊ ಗೋಲೂ ಒಂದು. ಕೊನೆಯಿಂದ ಎರಡನೇ ಸುತ್ತಿನಲ್ಲಿ ಸೆಲ್ಟಾ ವಿಗೊ ಎದುರು 3-2ರಿಂದ ಸೋತರು. ಲೀಗ್ ಮುಗಿದಾಗ ಮ್ಯಾಡ್ರಿಡ್ 78 ಅಂಕ, ಸೊಸಿಯೆದಾದ್ 76. ಆ ಎರಡು ಅಂಕದ ನೋವು ಸಾನ್ ಸೆಬಾಸ್ಟಿಯನ್‌ನಲ್ಲಿ ಇನ್ನೂ ಆರಿಲ್ಲ.

2004ರಲ್ಲಿ ಲಿವರ್‌ಪೂಲ್‌ಗೆ. ರಫಾ ಬೆನಿಟೆಸ್ ಆಗತಾನೇ ಅಲ್ಲಿ ಕೋಚ್ ಆಗಿದ್ದರು. ಇಂಗ್ಲೆಂಡಿನ ಆಟದ ವೇಗಕ್ಕೆ ಈ ನಿಧಾನಸ್ಥ ಹೊಂದುತ್ತಾರೆಯೇ ಎಂಬ ಅನುಮಾನ ಹೆಚ್ಚು ದಿನ ಉಳಿಯಲಿಲ್ಲ. ಆದರೆ 2005ರ ಜನವರಿ 1ರಂದು ಚೆಲ್ಸಿ ವಿರುದ್ಧ ಲ್ಯಾಂಪಾರ್ಡ್ ಅವರ ಟ್ಯಾಕಲ್‌ನಿಂದ ಹರಡು ಮುರಿದು ಮೂರು ತಿಂಗಳು ಹೊರಗೆ. ಅವರು ವಾಪಸಾದ ಪಂದ್ಯ ಯಾವುದು ನೋಡಿ: ಟುರಿನ್‌ನಲ್ಲಿ ಯುವೆಂಟಸ್ ವಿರುದ್ಧ ಚಾಂಪಿಯನ್ಸ್ ಲೀಗ್ ಕ್ವಾರ್ಟರ್‌ಫೈನಲ್, ನಾಯಕ ಜೆರಾರ್ಡ್ ಇಲ್ಲದ ದಿನ. ಪೂರ್ತಿ ಪಂದ್ಯ ಆಡಿದರು, 0-0, ತಂಡ ಮುಂದಿನ ಸುತ್ತಿಗೆ ಹೋಯಿತು. ಸೆಮಿಫೈನಲ್‌ನ ಮೊದಲ ಪಂದ್ಯದಲ್ಲಿ ಹಳದಿ ಕಾರ್ಡ್ ಸಿಕ್ಕಿ ಎರಡನೆಯದಕ್ಕೆ ನಿಷೇಧ. ಒಂಬತ್ತು ವರ್ಷದ ನಂತರ ಮ್ಯೂನಿಕ್‌ನಲ್ಲಿ ಆಗಲಿದ್ದುದರ ಮುನ್ನುಡಿಯಂತೆ.

ಮೇ 25ರ ಇಸ್ತಾನ್‌ಬುಲ್ ಫೈನಲ್ ಬಗ್ಗೆ ಎಲ್ಲರೂ ಪವಾಡ ಎಂಬ ಮಾತನ್ನೇ ಬಳಸುತ್ತಾರೆ. ನಾನು ಅದನ್ನು ಮಿಡ್‌ಫೀಲ್ಡ್‌ನ ಲೆಕ್ಕವಾಗಿ ನೋಡಲು ಬಯಸುತ್ತೇನೆ. ಮೊದಲಾರ್ಧದಲ್ಲಿ ಮಧ್ಯದಲ್ಲಿ ಜೆರಾರ್ಡ್, ಅಲೊನ್ಸೊ ಇಬ್ಬರೇ. ಜೆರಾರ್ಡ್ ಸ್ವಭಾವತಃ ಮುಂದಕ್ಕೆ ನುಗ್ಗುವವರು. ಅವರು ಹೋದಾಗ ಅಲೊನ್ಸೊ ಒಂಟಿ. ಎದುರಾಳಿ ಎಸಿ ಮಿಲಾನ್‌ನ ಕಾಕಾ ಅಲೊನ್ಸೊ ಬೆನ್ನಿಗೂ ಡಿಫೆಂಡರ್‌ಗಳಿಗೂ ನಡುವಿನ ಖಾಲಿ ಜಾಗದಲ್ಲಿ ತಿರುಗಿ ತಿರುಗಿ ಚೆಂಡು ಪಡೆದರು. ವಿರಾಮದ ಹೊತ್ತಿಗೆ ಮಿಲಾನ್ 3-0 ಮುಂದೆ. ಬೆನಿಟೆಸ್ ಬಲಬದಿಯ ಡಿಫೆಂಡರ್ ಫಿನ್ನನ್ ಅವರನ್ನು ತೆಗೆದು ಜರ್ಮನಿಯ ಹಾಮನ್ ಅವರನ್ನು ಇಳಿಸಿ, ಹಿಂದೆ ಮೂವರು ಡಿಫೆಂಡರ್‌ಗಳನ್ನು ನಿಲ್ಲಿಸಿದರು. ಹಾಮನ್ ಕಾಕಾ ಓಡಾಟದ ಜಾಗಕ್ಕೆ ಬೀಗ ಹಾಕಿದರು. ಅಲೊನ್ಸೊಗೆ ಪಕ್ಕದಲ್ಲಿ ಸಂಗಾತಿ ಸಿಕ್ಕಿ ತಲೆ ಎತ್ತಿ ಆಡಲು ಬಿಡುವಾಯಿತು. ಜೆರಾರ್ಡ್ ಮುಂದಕ್ಕೆ ಹೋಗಲು ಸ್ವತಂತ್ರರಾದರು, 54ನೇ ನಿಮಿಷದಲ್ಲಿ ತಲೆಯಿಂದ ಗೋಲು ಹೊಡೆದರು. 56ಕ್ಕೆ ಸ್ಮಿಚರ್. 60ಕ್ಕೆ ಪೆನಾಲ್ಟಿ, ಒದೆಯಲು ನಿಂತವರು 23 ವಯಸ್ಸಿನ ಅಲೊನ್ಸೊ.

ಗೋಲ್‌ಕೀಪರ್ ದೀದಾ ಅದನ್ನು ತಡೆದರು. ಇಲ್ಲಿ ವಿಡಿಯೊ ನಿಧಾನಗೊಳಿಸಿ ನೋಡಿ. ಪೆನಾಲ್ಟಿ ತಪ್ಪಿದಾಗ ಒದ್ದವನು ಅರ್ಧ ಸೆಕೆಂಡು ನಿಂತಲ್ಲೇ ನಿಲ್ಲುವುದು ಸಾಮಾನ್ಯ. ಅಲೊನ್ಸೊ ಕಾಲು ನಿಂತಿಲ್ಲ. ಚೆಂಡು ದೀದಾ ಕೈಗೆ ಬಡಿದು ಹಿಂತಿರುಗಿದಾಗ ಅವರು ಆಗಲೇ ಅದರ ಮೇಲಿದ್ದಾರೆ, ಮತ್ತು ಒದ್ದದ್ದು ಎಡಗಾಲಿನಿಂದ, ಬಲೆಯ ಮೇಲ್ಭಾಗಕ್ಕೆ. 3-3. ಪೆನಾಲ್ಟಿ ಶೂಟೌಟ್‌ನಲ್ಲಿ ಲಿವರ್‌ಪೂಲ್ ಗೆದ್ದಿತು. ಭಾರತದಲ್ಲಿ ಆ ಪಂದ್ಯ ಶುರುವಾದಾಗ ಮಧ್ಯರಾತ್ರಿ ಹನ್ನೆರಡೂಕಾಲು. ಇಲ್ಲಿಯ ಅನೇಕ ಲಿವರ್‌ಪೂಲ್ ಅಭಿಮಾನಿಗಳು ಹುಟ್ಟಿಕೊಂಡದ್ದು ಆ ರಾತ್ರಿಯೇ.

ತಮ್ಮ ಅರ್ಧದಿಂದ ಹೊಡೆದ ಎರಡು ಗೋಲುಗಳ ಮಾತನ್ನೂ ಸೇರಿಸಬೇಕು. 2006ರ ಜನವರಿಯಲ್ಲಿ ಲೂಟನ್ ವಿರುದ್ಧ ಇಂಗ್ಲೆಂಡಿನ ಎಫ್‌ಎ ಕಪ್ ಪಂದ್ಯದ ಕೊನೆಯಲ್ಲಿ ಎದುರಾಳಿ ಗೋಲ್‌ಕೀಪರ್ ಸಮಬಲದ ಆಸೆಯಿಂದ ಮುಂದೆ ಬಂದಿದ್ದರು, ಗೋಲು ಖಾಲಿ. ಅದೇ ವರ್ಷ ಸೆಪ್ಟೆಂಬರ್ 20ರಂದು ನ್ಯೂಕಾಸಲ್ ವಿರುದ್ಧ ಕೀಪರ್ ಮುಂದೆ ನಿಂತಿದ್ದನ್ನು ನೋಡಿ ಎತ್ತಿ ಕಳಿಸಿದರು. ಹಿಂದಕ್ಕೆ ಓಡಿದ ಕೀಪರ್ ಜಾರಿದರು. ಈತ ಸ್ವಂತ ಅರ್ಧದಿಂದ ಗೋಲು ಹೊಡೆದೇ ಹೊಡೆಯುತ್ತಾನೆ ಎಂದು ಲಿವರ್‌ಪೂಲ್‌ನ ಒಬ್ಬ ಅಭಿಮಾನಿ ಮೊದಲೇ 200 ಪೌಂಡ್ ಬಾಜಿ ಕಟ್ಟಿದ್ದರು, ಲೂಟನ್ ಗೋಲಿಗೆ 25,000 ಪೌಂಡ್ ಗೆದ್ದರು. ಆ ಅಭಿಮಾನಿಯ ಕಣ್ಣು ಬಲು ಚುರುಕು. ಅಲೊನ್ಸೊ ಪ್ರತಿ ಪಂದ್ಯದಲ್ಲೂ ಎದುರಾಳಿ ಕೀಪರ್ ಎಲ್ಲಿ ನಿಂತಿದ್ದಾರೆಂದು ನೋಡಿಕೊಳ್ಳುತ್ತಿದ್ದುದನ್ನು ಅವರು ಗಮನಿಸಿರಲೇಬೇಕು.

2008ರ ಬೇಸಿಗೆಯಲ್ಲಿ ಬೆನಿಟೆಸ್ ಅಲೊನ್ಸೊ ಅವರನ್ನು ಮಾರಿ ಗ್ಯಾರೆತ್ ಬ್ಯಾರಿ ಅವರನ್ನು ತರಲು ನೋಡಿದರು, ಆಗಲಿಲ್ಲ. ಉಳಿದುಕೊಂಡ ಅಲೊನ್ಸೊ 2008-09ರಲ್ಲಿ ಇಂಗ್ಲೆಂಡಿನಲ್ಲಿನ ತಮ್ಮ ಅತ್ಯುತ್ತಮ ಆಟ ಆಡಿದರು. ತಂಡ 86 ಅಂಕ ಗಳಿಸಿ ಎರಡನೆಯದಾಯಿತು, ಇಡೀ ಲೀಗ್‌ನಲ್ಲಿ ಸೋತದ್ದು ಎರಡೇ ಪಂದ್ಯ. ಮುಂದಿನ ಆಗಸ್ಟ್‌ನಲ್ಲಿ ಸುಮಾರು 3 ಕೋಟಿ ಪೌಂಡ್‌ಗೆ ಅವರು ರಿಯಲ್ ಮ್ಯಾಡ್ರಿಡ್‌ಗೆ ಹೋದರು. ಆ ಋತುವಿನಲ್ಲಿ ಲಿವರ್‌ಪೂಲ್ 63 ಅಂಕ, ಏಳನೇ ಸ್ಥಾನ. ಗಾಯಗಳು, ಕ್ಲಬ್ ಮಾಲೀಕರ ಸಾಲ, ಬದಲಿಯಾಗಿ ಬಂದ ಅಕ್ವಿಲಾನಿ ನೋವಿನಿಂದ ಹೊರಗೇ ಉಳಿದದ್ದು, ಕಾರಣಗಳು ಹಲವು. ಆದರೂ ಚೆಂಡು ಡಿಫೆನ್ಸ್‌ನಿಂದ ಮುಂದಕ್ಕೆ ಹೋಗುವ ದಾರಿಯೇ ಮುಚ್ಚಿಹೋಗಿದ್ದು ಪಂದ್ಯ ನೋಡಿದವರಿಗೆಲ್ಲ ಕಾಣುತ್ತಿತ್ತು. ಗೋಲು ಪಟ್ಟಿಯಲ್ಲಿ ಇಂಥವರ ಬೆಲೆ ಸಿಗುವುದಿಲ್ಲ. ಮ್ಯಾಡ್ರಿಡ್‌ನಲ್ಲಿ ಅವರು ಆಡಿದ 236 ಪಂದ್ಯಗಳಲ್ಲಿ ಹೊಡೆದ ಗೋಲು ಆರೇ.

ಮ್ಯಾಡ್ರಿಡ್‌ನಲ್ಲಿ ಕೋಚ್ ಮೌರಿನ್ಯೊ ಕಾಲದಲ್ಲಿ ಓಡಾಡುವ ಕೆಲಸ ಖೆದಿರಾಗೆ, ಹಂಚುವ ಕೆಲಸ ಅಲೊನ್ಸೊಗೆ. ಚೆಂಡು ಕಸಿದುಕೊಂಡ ಮರುಕ್ಷಣ ರೊನಾಲ್ಡೊ, ದಿ ಮರಿಯಾ ಓಟಕ್ಕೆ ಪಾಸ್ ಹೋಗಬೇಕಿತ್ತು. ಅಲೊನ್ಸೊ ಆ ಇಬ್ಬರನ್ನು ನೋಡಿ ಒದೆಯುತ್ತಿರಲಿಲ್ಲ, ಅವರು ಎಲ್ಲಿರುತ್ತಾರೆಂದು ಮೊದಲೇ ತಿಳಿದು ಒದೆಯುತ್ತಿದ್ದರು. 2011-12ರಲ್ಲಿ ತಂಡ 100 ಅಂಕ, 121 ಗೋಲುಗಳೊಂದಿಗೆ ಲೀಗ್ ಗೆದ್ದಿತು.

ಸ್ಪೇನ್ ತಂಡದಲ್ಲಿ ಅವರ ಜಾಗದ ಬಗ್ಗೆ ದೊಡ್ಡ ಜಗಳವೇ ನಡೆಯಿತು. 2010ರ ವಿಶ್ವಕಪ್‌ನ ಮೊದಲ ಪಂದ್ಯದಲ್ಲಿ ಸ್ವಿಟ್ಜರ್ಲೆಂಡ್ ವಿರುದ್ಧ 0-1 ಸೋಲು. ಅಲೊನ್ಸೊ ಒದ್ದ ಚೆಂಡು ಅಡ್ಡಪಟ್ಟಿಗೆ ಬಡಿದಿತ್ತು. ಬುಸ್ಕೆಟ್ಸ್ ಇರುವಾಗ ಇನ್ನೊಬ್ಬ ಪಿವೋಟೆ ಏಕೆ ಎಂದು ಪತ್ರಿಕೆಗಳು ಹಿಡಿದುಕೊಂಡವು. ಕೋಚ್ ದೆಲ್ ಬೊಸ್ಕೆ ಜಗ್ಗಲಿಲ್ಲ. ಅವರ ನಿರ್ಧಾರ ಸರಿ ಎಂದೇ ನನ್ನ ಅಭಿಪ್ರಾಯ. ಚಾವಿ, ಇನಿಯೆಸ್ತಾ ಹತ್ತಿರ ಹತ್ತಿರದ ಪಾಸ್‌ಗಳಲ್ಲಿ ಎದುರಾಳಿಗಳನ್ನು ಒಂದು ಬದಿಗೆ ಎಳೆಯುತ್ತಿದ್ದರು, ಅಲ್ಲಿಂದ ಇನ್ನೊಂದು ಬದಿಗೆ ಒಂದೇ ಒದೆತದಲ್ಲಿ ಚೆಂಡು ದಾಟಿಸುವವರು ಅಲೊನ್ಸೊ ಒಬ್ಬರೇ. ಫೈನಲ್‌ನ 28ನೇ ನಿಮಿಷದಲ್ಲಿ ನೆದರ್ಲೆಂಡ್ಸ್‌ನ ದೆ ಯೊಂಗ್ ಅವರ ಬೂಟು ನೇರ ಇವರ ಎದೆಗೆ ಬಂತು. ರೆಫರಿ ಕೊಟ್ಟದ್ದು ಹಳದಿ ಕಾರ್ಡ್ ಮಾತ್ರ. ಆ ನೋವಿನಲ್ಲೇ 87ನೇ ನಿಮಿಷದವರೆಗೂ ಆಡಿದರು. ಯುರೋಪಿನ ದೇಶಗಳ ಟೂರ್ನಿಯಾದ ಯುರೊದ 2012ರ ಕ್ವಾರ್ಟರ್‌ಫೈನಲ್ ಅವರ ನೂರನೇ ಅಂತರರಾಷ್ಟ್ರೀಯ ಪಂದ್ಯ. ಫ್ರಾನ್ಸ್ ವಿರುದ್ಧ 2-0, ಎರಡೂ ಅವರದೇ ಗೋಲು. ಮೊದಲನೆಯದು ತಲೆಯಿಂದ: ಆಲ್ಬಾ ಎಡದಿಂದ ಕ್ರಾಸ್ ಮಾಡಿದಾಗ ಎಲ್ಲರ ಕಣ್ಣು ಗೋಲಿನ ಹತ್ತಿರದವರ ಮೇಲೆ, ಅಲೊನ್ಸೊ ತಡವಾಗಿ ಓಡಿಬಂದು ದೂರದ ಕಂಬದ ಬಳಿ ಒಬ್ಬರೇ. ಒಟ್ಟು 114 ಪಂದ್ಯ ಆಡಿ 2014ರಲ್ಲಿ ದೇಶದ ತಂಡದಿಂದ ನಿವೃತ್ತರಾದರು.

ಅದೇ 2014ರ ಮೇ 24, ಲಿಸ್ಬನ್‌ನಲ್ಲಿ ಚಾಂಪಿಯನ್ಸ್ ಲೀಗ್ ಫೈನಲ್. ಅಲೊನ್ಸೊ ಸೂಟು ತೊಟ್ಟು ಗ್ಯಾಲರಿಯಲ್ಲಿ. ಅವರ ಜಾಗದಲ್ಲಿ ಮೊಣಕಾಲಿನ ಗಾಯದಿಂದ ಆಗಷ್ಟೇ ಚೇತರಿಸಿಕೊಂಡಿದ್ದ ಖೆದಿರಾ. ಒಂದು ಗಂಟೆ ಮುಗಿಯುವ ಮೊದಲೇ ಕೋಚ್ ಆಂಚೆಲೊಟ್ಟಿ ಅವರನ್ನು ಬದಲಿಸಬೇಕಾಯಿತು. 93ನೇ ನಿಮಿಷದಲ್ಲಿ ರಾಮೊಸ್ ಸಮ ಮಾಡಿಕೊಡದಿದ್ದರೆ ಮ್ಯೂನಿಕ್‌ನ ಆ ಟ್ಯಾಕಲ್ ಅವರ ಹೆಸರಿಗೆ ಅಂಟಿಕೊಂಡೇ ಉಳಿಯುತ್ತಿತ್ತು. ಹೆಚ್ಚುವರಿ ಸಮಯದಲ್ಲಿ ಬೇಲ್ ಗೋಲು ಹೊಡೆದಾಗ ಅವರು ಗ್ಯಾಲರಿಯಿಂದ ಹಾರಿ ಗೆರೆಯ ಪಕ್ಕ ಓಡಿದರು. ಅದಕ್ಕೆ ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎ ಇನ್ನೊಂದು ಪಂದ್ಯದ ನಿಷೇಧ ಹಾಕಿತು.

ಆಗಸ್ಟ್ ಕೊನೆಯಲ್ಲಿ, 32ನೇ ವಯಸ್ಸಿನಲ್ಲಿ, ಗ್ವಾರ್ಡಿಯೊಲಾ ಕೋಚ್ ಆಗಿದ್ದ ಬಯರ್ನ್ ಮ್ಯೂನಿಕ್ ಸೇರಿದರು. ತಿಂಗಳೊಳಗೆ ಕಲೋನ್ ವಿರುದ್ಧದ ಪಂದ್ಯದಲ್ಲಿ 200ಕ್ಕೂ ಹೆಚ್ಚು ಬಾರಿ ಚೆಂಡು ಮುಟ್ಟಿ ಜರ್ಮನಿಯ ಲೀಗ್ ಬುಂಡೆಸ್‌ಲಿಗಾದಲ್ಲಿ ದಾಖಲೆ ಮಾಡಿದರು. ಆದರೆ ಇಡೀ ತಂಡದ ಚೆಂಡು ಒಬ್ಬರ ಕಾಲಿನ ಮೂಲಕವೇ ಹಾಯುತ್ತದೆ ಎಂದರೆ ಎದುರಾಳಿಗೆ ಹಿಡಿಯಬೇಕಾದ ಜುಟ್ಟು ಗೊತ್ತಾದಂತೆ. 2015ರ ಏಪ್ರಿಲ್ 15, ಪೋರ್ಟೊ ತಂಡದ ವಿರುದ್ಧ ಚಾಂಪಿಯನ್ಸ್ ಲೀಗ್ ಪಂದ್ಯ. ಆಟ ಶುರುವಾಗಿ ಮೂರು ನಿಮಿಷವಾಗಿಲ್ಲ. ಹಿಂದೆ ಚೆಂಡು ಹಿಡಿದಿದ್ದ ಅಲೊನ್ಸೊ ಮೇಲೆ ಪೋರ್ಟೊದ ಜಾಕ್ಸನ್ ಮಾರ್ಟಿನೆಸ್ ಎರಗಿ ಕಸಿದುಕೊಂಡರು, ಮುಂದೆ ಬಯರ್ನ್ ಗೋಲ್‌ಕೀಪರ್ ನೋಯರ್ ಆ ಮಾರ್ಟಿನೆಸ್‌ರನ್ನು ಕೆಡವಿದರು, ಪೆನಾಲ್ಟಿ. ಬಯರ್ನ್ 3-1ರಿಂದ ಸೋತಿತು. ವಯಸ್ಸಿನ ಜೊತೆ ಕಾಲಿನ ವೇಗ ಇಳಿದಾಗ, ಒಂದು ನೋಟ ತಪ್ಪಿದರೂ ಓಡಿ ತಿದ್ದಿಕೊಳ್ಳುವ ಅವಕಾಶ ಉಳಿದಿರುವುದಿಲ್ಲ. ಆರು ದಿನದ ಬಳಿಕ ಮ್ಯೂನಿಕ್‌ನಲ್ಲಿ ಬಯರ್ನ್ 6-1ರಿಂದ ಗೆದ್ದಿತು, ಆರನೇ ಗೋಲು ಅಲೊನ್ಸೊ ಅವರ ಫ್ರೀಕಿಕ್. ಮೂರು ಋತು, ಮೂರು ಲೀಗ್ ಪ್ರಶಸ್ತಿ. 2017ರ ಮೇ 20ರಂದು ಫಿಲಿಪ್ ಲಾಮ್ ಜೊತೆಗೇ ಕೊನೆಯ ಪಂದ್ಯ ಆಡಿದರು.

ಕೋಚ್ ಆಗಿ ಅವರ ಕಥೆಗೆ ಇನ್ನೊಂದು ಉಪನ್ಯಾಸ ಬೇಕು. ಜರ್ಮನಿಯ ಲೆವರ್‌ಕುಸೆನ್ ತಂಡವನ್ನು 2022ರ ಅಕ್ಟೋಬರ್‌ನಲ್ಲಿ ಪಟ್ಟಿಯ ಕೊನೆಯಿಂದ ಎರಡನೇ ಸ್ಥಾನದಲ್ಲಿ ಹಿಡಿದು, 2023-24ರಲ್ಲಿ 28 ಗೆಲುವು, 6 ಡ್ರಾ, ಒಂದೂ ಸೋಲಿಲ್ಲದೆ ಬುಂಡೆಸ್‌ಲಿಗಾ ಗೆಲ್ಲಿಸಿದ್ದು ಎಲ್ಲರಿಗೂ ಗೊತ್ತು. ಆ ತಂಡದ ಮಧ್ಯಕ್ಕೆ ಅವರು ಬೇಕೆಂದು ಕರೆಸಿಕೊಂಡದ್ದು ಗ್ರಾನಿಟ್ ಶಾಕಾ ಅವರನ್ನು, ಓಟಕ್ಕಿಂತ ನೋಟ ಹೆಚ್ಚಿರುವ ಮಿಡ್‌ಫೀಲ್ಡರ್. ನನಗೆ ಹೇಳಬೇಕೆನಿಸುವುದು ಅದಕ್ಕೂ ಹಿಂದಿನ ಮಾತು. 2019ರಿಂದ ಮೂರು ವರ್ಷ ಅಲೊನ್ಸೊ ರಿಯಲ್ ಸೊಸಿಯೆದಾದ್‌ನ ಎರಡನೇ ತಂಡದ ಕೋಚ್ ಆಗಿ ಸುಬಿಯೆತಾ ತರಬೇತಿ ಮೈದಾನದಲ್ಲಿದ್ದರು. 2021ರಲ್ಲಿ ಆ ತಂಡವನ್ನು ಎರಡನೇ ದರ್ಜೆಗೆ ಏರಿಸಿದರು, ಮರುವರ್ಷವೇ ಅದು ಕೆಳಗಿಳಿಯಿತು. ಅಲ್ಲಿ ಅವರ ಕೈಕೆಳಗೆ ಆಡಿದವರಲ್ಲಿ ಮಾರ್ಟಿನ್ ಸುಬಿಮೆಂದಿ ಒಬ್ಬರು: ಸಾನ್ ಸೆಬಾಸ್ಟಿಯನ್‌ನ ಹುಡುಗ, ಆಂತಿಗ್ವೊಕೊದಿಂದಲೇ ಬಂದವರು, ಡಿಫೆಂಡರ್‌ಗಳ ಮುಂದಿನ ಅದೇ ಜಾಗ. 2024ರ ಜುಲೈ 14ರಂದು ಬರ್ಲಿನ್‌ನಲ್ಲಿ ಇಂಗ್ಲೆಂಡ್ ವಿರುದ್ಧ ಯುರೊ ಫೈನಲ್‌ನ ವಿರಾಮದಲ್ಲಿ ರೊದ್ರಿ ಗಾಯಗೊಂಡು ಹೊರಬಂದಾಗ ಸ್ಪೇನ್ ಇಳಿಸಿದ್ದು ಇವರನ್ನು. ಸ್ಪೇನ್ 2-1ರಿಂದ ಗೆದ್ದಿತು. ಮರುವರ್ಷ ಸುಬಿಮೆಂದಿ ಆರ್ಸೆನಲ್ ಸೇರಿದರು, ಕೊಂಚಾ ಮರಳಿನಲ್ಲಿ ಶಾಬಿ ಜೊತೆ ಆಡುತ್ತಿದ್ದ ಅರ್ತೇತಾ ಬಳಿಗೆ. ಈಗ ಆರ್ಸೆನಲ್ ಪಂದ್ಯ ಹಾಕಿದಾಗ ಚೆಂಡನ್ನು ಬಿಟ್ಟು ಇವರನ್ನೇ ಐದು ನಿಮಿಷ ನೋಡಿ: ಪಾಸ್ ಇನ್ನೂ ಹೊರಟಿರುವುದಿಲ್ಲ, ತಲೆ ಆಗಲೇ ಎಡಭುಜದ ಮೇಲಿಂದ ಹಿಂದಕ್ಕೆ ಹೊರಳಿರುತ್ತದೆ.